ದುರ್ಗದಲ್ಲೊಂದು, ದಾವಣಗೆರೆಯಲ್ಲೊಂದು: ಎರಡು ಟೆಲಿಸ್ಕೋಪ್ ಜೋಡಿಸಬಹುದಾ?

ಚಿತ್ರದುರ್ಗದಲ್ಲಿ ಮಕ್ಕಳಿಗೆ ಶನಿಯ ಬಳೆ ತೋರಿಸುವಾಗಲೆಲ್ಲ ಜೊತೆಗೆ ಬಂದ ದೊಡ್ಡವರು ಕೇಳುವ ಪ್ರಶ್ನೆ ಇದು. "ಸಾರ್, ಬೇರೆ ಬೇರೆ ಕಡೆಯ ಟೆಲಿಸ್ಕೋಪ್ ಸೇರಿಸಿ ಒಂದೇ ದೊಡ್ಡದು ಮಾಡ್ತಾರಂತಲ್ಲ. ಇಲ್ಲೊಂದು, ದಾವಣಗೆರೆಯಲ್ಲೊಂದು ಇಟ್ಟು ನಾವೂ ಮಾಡಬಹುದಾ?"

ರಾತ್ರಿ ಗುಡ್ಡದ ಮೇಲಿಂದ ಹೈವೇ ನೋಡಿ. ದೂರದ ಲಾರಿಯ ಎರಡು ದೀಪ ಒಂದೇ ಚುಕ್ಕೆಯಾಗಿ ಕಾಣುತ್ತವೆ. ಹತ್ತಿರ ಬಂದಾಗಲೇ ಬಿಡಿಬಿಡಿಯಾಗುವುದು. ನಕ್ಷತ್ರ ಹತ್ತಿರ ಬರುವುದಿಲ್ಲ, ಹಾಗಾಗಿ ನಮ್ಮ ಕಣ್ಣೇ ಅಗಲವಾಗಬೇಕು. ಆಕಾಶದಿಂದ ಬೆಳಕಿನ ಹಾಗೇ ಬರುವ ರೇಡಿಯೋ ಅಲೆಗಳಿಗಂತೂ ತುಂಬಾ ಅಗಲ ಬೇಕು, ಅವು ಬೆಳಕಿನ ಅಲೆಗಿಂತ ಲಕ್ಷಗಟ್ಟಲೆ ಪಟ್ಟು ಉದ್ದ.

ಪುಣೆ ಹತ್ತಿರ ಖೋಡದ್‌ನಲ್ಲಿ ಜಿಎಂಆರ್‌ಟಿ ಎಂಬ ದೊಡ್ಡ ರೇಡಿಯೋ ಟೆಲಿಸ್ಕೋಪ್ ಇದೆ. 30 ಡಿಶ್, ಒಂದೊಂದೂ 45 ಮೀಟರ್ ಅಗಲ. 21 ಸೆಂ.ಮೀ. ಅಲೆಯಲ್ಲಿ ನೋಡಿದರೆ ಒಂಟಿ ಡಿಶ್‌ಗೆ ಚಂದ್ರನ ಅರ್ಧ ಅಗಲದಷ್ಟು ಆಕಾಶವೆಲ್ಲ ಒಂದೇ ಮಸುಕು. ಆದರೆ ಆ ಡಿಶ್‌ಗಳು 25 ಕಿ.ಮೀ. ಉದ್ದಕ್ಕೂ ಹರಡಿವೆ. ಎಲ್ಲವನ್ನೂ ಸೇರಿಸಿದರೆ ನೋಟ ಸುಮಾರು 500 ಪಟ್ಟು ಚೂಪಾಗುತ್ತದೆ.

ಸೇರಿಸುವುದು ಹೇಗೆ? ಕಣ್ಣು ಮುಚ್ಚಿ ಕೂತರೂ ಗುಡಿಯ ಗಂಟೆ ಯಾವ ಕಡೆಯಿಂದ ಕೇಳಿತು ಅಂತ ಗೊತ್ತಾಗುತ್ತದೆ, ಅಲ್ವಾ? ಸದ್ದು ಒಂದು ಕಿವಿಗೆ ಚೂರು ಮೊದಲು ತಲುಪುತ್ತದೆ. ಡಿಶ್‌ಗಳಿಗೂ ಅಷ್ಟೇ. ಆ ಚೂರು ವ್ಯತ್ಯಾಸದಲ್ಲೇ ದಿಕ್ಕು ಅಡಗಿದೆ. 30 ಡಿಶ್ ಅಂದರೆ 435 ಜೋಡಿ. ಭೂಮಿ ತಿರುಗುತ್ತಾ ಹೋದಂತೆ ಪ್ರತಿ ಜೋಡಿಯ ಓರೆ ಬದಲಾಗುತ್ತದೆ, ಹೊಸ ಹೊಸ ವಿವರ ಸಿಗುತ್ತದೆ. ಈ ವಿಧಾನ ಬೆಳೆಸಿದ ಬ್ರಿಟನ್ನಿನ ಖಗೋಳ ವಿಜ್ಞಾನಿ ಮಾರ್ಟಿನ್ ರೈಲ್‌ಗೆ 1974ರಲ್ಲಿ ನೊಬೆಲ್ ಬಂತು. ಒಂದು ಮಾತು ಮಾತ್ರ ಮರೆಯಬಾರದು: ಚಿತ್ರ ಚೂಪಾಗುತ್ತದೆ, ಆದರೆ ನಡುವಿನ ಖಾಲಿ ಜಾಗ ಏನನ್ನೂ ಹಿಡಿಯುವುದಿಲ್ಲ. ತೀರಾ ಮಂಕಾದ ವಸ್ತು ಕಾಣಬೇಕಾದರೆ ಡಿಶ್‌ಗಳೇ ಜಾಸ್ತಿ ಬೇಕು.

ನನಗೆ ಅತಿ ಇಷ್ಟದ ಕಥೆ 2017ರ ಏಪ್ರಿಲ್‌ನದು. ಹವಾಯಿ, ಚಿಲಿ, ಸ್ಪೇನ್, ದಕ್ಷಿಣ ಧ್ರುವ ಹೀಗೆ ದೂರ ದೂರದ 8 ರೇಡಿಯೋ ಟೆಲಿಸ್ಕೋಪ್‌ಗಳು ಬೆಳಕನ್ನೂ ಹೊರಬಿಡದ ಕಪ್ಪುಕುಳಿಗಳ ಕಡೆ ತಿರುಗಿದವು. ತಂತಿ ಎಳೆಯಲು ಎಲ್ಲಿ ಸಾಧ್ಯ? ಪ್ರತಿ ಕಡೆ ತೀರಾ ನಿಖರವಾದ ಪರಮಾಣು ಗಡಿಯಾರ ಇಟ್ಟು, ಬಂದ ಅಲೆಯನ್ನು ಹೊತ್ತಿನ ಸಮೇತ ಡಿಸ್ಕ್‌ಗಳಲ್ಲಿ ಬರೆದುಕೊಂಡರು. ಡಿಸ್ಕ್‌ಗಳು ವಿಮಾನದಲ್ಲಿ ಬಂದವು. ದಕ್ಷಿಣ ಧ್ರುವದವು ಮಾತ್ರ ಚಳಿಗಾಲ ಕಳೆದು ವಿಮಾನ ಹಾರುವ ತನಕ ಅಲ್ಲೇ ಕಾದವು. ಆಮೇಲೆ ಹೊತ್ತು ಹೊಂದಿಸಿ ಆ ಅಲೆಗಳನ್ನೆಲ್ಲ ಕಂಪ್ಯೂಟರ್‌ನಲ್ಲಿ ಕೂಡಿಸಿದರು. 2019ರ ಏಪ್ರಿಲ್ 10ರಂದು ಕಪ್ಪುಕುಳಿಯ ಮೊದಲ ಚಿತ್ರ ಹೊರಬಂತು. ಕೆಂಪು ಬಳೆ, ನಡುವೆ ಕತ್ತಲೆ. ಅವತ್ತು ಅದನ್ನು ಎಷ್ಟು ಸಲ ನೋಡಿದೆನೋ!

ನಮ್ಮ ಕನ್ನಡಿ ಟೆಲಿಸ್ಕೋಪ್‌ಗಳಲ್ಲಿ ಹೀಗೆ ಮಾಡಲು ಆಗುವುದಿಲ್ಲ. ಬೆಳಕಿನ ಅಲೆ ತೀರಾ ಸಣ್ಣದು, ತೀರಾ ವೇಗದ್ದು, ಅದನ್ನು ಹಾಗೆ ಬರೆದಿಡಲಾಗದು. ಚಿಲಿಯ ಪರಾನಲ್‌ನಲ್ಲಿ 8.2 ಮೀಟರ್‌ನ ನಾಲ್ಕು ಟೆಲಿಸ್ಕೋಪ್‌ಗಳ ಬೆಳಕನ್ನೇ ಸುರಂಗದಲ್ಲಿ ತಂದು ಕೂಡಿಸುತ್ತಾರೆ. ರೇಡಿಯೋ ಡಿಶ್, ಜೊತೆಗೆ ಒಳ್ಳೆ ಗಡಿಯಾರ ಇದ್ದರೆ ಖಂಡಿತ ಆಗುತ್ತದೆ. ದುರ್ಗದಿಂದ ದಾವಣಗೆರೆಗೆ ಸುಮಾರು 60 ಕಿ.ಮೀ. ಖೋಡದ್‌ನ ಹರವಿಗಿಂತ ಎರಡು ಪಟ್ಟು ಜಾಸ್ತಿ.