ಕಾಡುಕತ್ತೆ ಎಣಿಸುವಾಗ ‘ಹಿಂಡು’ ಕಾಲಂ ನಂಬಬೇಡಿ

ಗುಜರಾತಿನ ಉಪ್ಪು ಮರುಭೂಮಿ, ಕಛ್‌ನ ಚಿಕ್ಕ ರಣ್‌ನಲ್ಲಿ ಕಾಡುಕತ್ತೆ ಎಣಿಕೆಗೆ ಹೋದಾಗ ನಮಗೆ ಕೊಟ್ಟ ಶೀಟಿನಲ್ಲಿ ‘ಹಿಂಡು’ ಅಂತ ಒಂದೇ ಕಾಲಂ. ಬದಲಿಸಿ ಎಂದು ಕೇಳಿ ಕೇಳಿ ಸಾಕಾಗಿದೆ. ಈ ಸಲ ನಮ್ಮ ಬ್ಲಾಕಿನ (ನಮ್ಮ ಟೀಮಿಗೆ ಎಣಿಸಲು ಕೊಟ್ಟ ಜಾಗ) ಲೆಕ್ಕ ಕೆಟ್ಟಿದ್ದೂ ಅದರಿಂದಲೇ.

ಬೆಟ್ (ರಣ್ ನಡುವಿನ ಎತ್ತರದ ದಿಬ್ಬ) ಅಂಚಿನಲ್ಲಿ ದೊಡ್ಡ ಗುಂಪು ಮೇಯುತ್ತಿತ್ತು. ಜೀಪು ನೇರ ಅದರ ಕಡೆಗೇ ಹೋಯಿತು. ಮೊದಲು ಕಿವಿ ನಿಮಿರಿದವು, ಆಮೇಲೆ ಒಂದೊಂದೇ ತಲೆ ಎದ್ದಿತು. ಎಂಜಿನ್ ಆಫ್ ಮಾಡಬೇಕಾದ ಹೊತ್ತು ಅದೇ. ಮಾಡಲಿಲ್ಲ. ಗುಂಪು ಓಡುತ್ತಲೇ ಮೂರು ಹೋಳಾಯಿತು, ಒಂದು ಹೋಳು ಪಕ್ಕದ ಬ್ಲಾಕಿಗೆ ದಾಟಿತು. ಆ ಟೀಮು ಅದನ್ನು ಹೊಸ ಹಿಂಡು ಅಂತ ಬರೆದುಕೊಂಡಿತು.

ಒಡೆದದ್ದರಲ್ಲಿ ಆಶ್ಚರ್ಯವೇನಿಲ್ಲ. ಈ ಪ್ರಾಣಿಯಲ್ಲಿ ಗಟ್ಟಿ ನಂಟು ತಾಯಿ–ಮರಿಯದ್ದು ಮಾತ್ರ. ಬೆಳಿಗ್ಗೆ ಜೊತೆಗಿದ್ದ ಹೆಣ್ಣುಗಳು ಸಂಜೆಗೆ ಬೇರೆ ಗುಂಪಿನಲ್ಲಿರುತ್ತವೆ. ಬೆಳೆದ ಗಂಡು ಹೆಣ್ಣುಗಳನ್ನು ಕಟ್ಟಿಕೊಂಡು ತಿರುಗುವುದಿಲ್ಲ. ನೀರು, ಮೇವು ಇರುವ ಜಾಗ ಹಿಡಿದು ಕಾಯುತ್ತದೆ. ಎಳೆಯ ಗಂಡುಗಳು ಬೇರೆಯೇ ಗುಂಪು ಕಟ್ಟಿಕೊಳ್ಳುತ್ತವೆ. ಒಂಟಿ ಗಂಡು ಕಂಡ ಕೂಡಲೇ ‘ಗಾಯಾಳು?’ ಅಂತ ರಿಮಾರ್ಕ್ ಹಾಕುವವರಿದ್ದಾರೆ. ಸ್ವಲ್ಪ ಹೊತ್ತು ನಿಂತು ನೋಡಿ. ಹಳೇ ಲದ್ದಿ ಗುಡ್ಡೆ ಮೂಸಿ, ಅದರ ಮೇಲೇ ತಾನೂ ಲದ್ದಿ ಹಾಕುತ್ತದೆ. ಹಾದುಹೋಗುವ ಹೆಣ್ಣುಗಳ ಹಿಂದೆ ಸ್ವಲ್ಪ ದೂರ ನಡೆದು ವಾಪಸ್ ಬರುತ್ತದೆ. ಅದು ಆ ಜಾಗದ ಯಜಮಾನ.

ಹಾಗಾಗಿ ದೂರದಲ್ಲೇ ನಿಲ್ಲಿಸಿ, ಬೈನಾಕ್ಯುಲರ್‌ನಲ್ಲಿ ಒಟ್ಟು ತಲೆ ಎಣಿಸಿ, ಆಮೇಲೆ ಮರಿ, ಕೊನೆಗೆ ಗಂಡು-ಹೆಣ್ಣು. ಮರಿ ಹಾಕುವುದು ಹೆಚ್ಚಾಗಿ ಮಳೆಗಾಲದಲ್ಲಿ. ಚಳಿಗಾಲದ ಎಣಿಕೆಗೆ ಅವು ಇನ್ನೂ ತಾಯಿಯ ಪಕ್ಕ ಬಿಡುವುದಿಲ್ಲ, ತಾಯಂದಿರನ್ನು ಗುರುತಿಸಲು ಅಷ್ಟು ಸಾಕು. ಬಿಸಿಲೇರಿದ ಮೇಲೆ ಎಣಿಸಬೇಡಿ. ಮರೀಚಿಕೆಯಲ್ಲಿ ಕಾಲುಗಳು ಕರಗಿ, ಎರಡು ಪ್ರಾಣಿ ಒಂದಾಗಿ ಕಾಣುತ್ತವೆ. ಬಳ್ಳಾರಿ ಜಾಲಿ ಪೊದೆಗಳ ಹಿಂದೆ ಮಲಗಿದವು ಬಿಸಿಲೇರುವ ಮೊದಲೇ ಎಣಿಸಿದರೂ ತಪ್ಪಿಹೋಗುತ್ತವೆ, ಅದಕ್ಕೆ ಎರಡನೇ ಕೋನದಿಂದ ನೋಡುವುದೊಂದೇ ದಾರಿ.

ರೋಗ ಬಂದ ಮೇಲೆ 1967ರಲ್ಲಿ ಇಲ್ಲಿ ಉಳಿದಿದ್ದವು 362. 2024ರ ಎಣಿಕೆಯಲ್ಲಿ 7672. ಇಷ್ಟು ಚೇತರಿಕೆ ಕಂಡ ಪ್ರಾಣಿಯ ವಿಷಯದಲ್ಲಿ ಒಟ್ಟು ಸಂಖ್ಯೆಯೊಂದೇ ಸಾಲದು, ತಾಯಿಗೆಷ್ಟು ಮರಿ ಅನ್ನುವುದೂ ಬೇಕು.

ಗುಂಪು ಬ್ಲಾಕ್ ದಾಟಿದರೆ ಸಮಯ, ದಿಕ್ಕು, ಮರಿಗಳ ಸಂಖ್ಯೆ ಮೂರನ್ನೂ ಶೀಟಿನ ಅಂಚಿನಲ್ಲಿ ಬರೆಯಿರಿ, ಸಂಜೆ ಪಕ್ಕದ ಟೀಮಿನ ಶೀಟಿನ ಜೊತೆ ಇಟ್ಟು ತಾಳೆ ನೋಡಿ.