ಪಕ್ಕೆಲುಬು ಅಳಿಸುವ ಮಾತು

‘ನಾಯಿ ಬಡಕಲಾಗಿ ಕಾಣುತ್ತಿದೆ, ಪಕ್ಕೆಲುಬು ಅಳಿಸಿ ಫೈನಲ್ ಕಳುಹಿಸಿ.’ ಕ್ಯಾಲೆಂಡರ್‌ಗೆ ಫೋಟೋ ತೆಗೆಯುವ ಕೆಲಸ ಕೊಟ್ಟಿದ್ದ ಏಜೆನ್ಸಿಯ ಸಂಯೋಜಕರ ಈ ಸಂದೇಶ ಓದಿದಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅದು ಮುಧೋಳ ನಾಯಿ. ಕಣ್ಣಿಂದ ಬೇಟೆ ಗುರುತಿಸಿ, ಬೆನ್ನಟ್ಟಿ ಹಿಡಿಯುವ ತಳಿ. ಎದೆ ಆಳ, ಹೊಟ್ಟೆ ಒಳಕ್ಕೆ. ಕೊನೆಯ ಎರಡು ಮೂರು ಪಕ್ಕೆಲುಬು ಕಾಣುವುದೇ ಅದರ ಆರೋಗ್ಯದ ಲಕ್ಷಣ. ಮುಧೋಳದ ಘೋರ್ಪಡೆ ಅರಸರು ಮುತುವರ್ಜಿಯಿಂದ ಬೆಳೆಸಿದ, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ನಾಯಿಗೆ ಫೋಟೋಶಾಪ್‌ನಲ್ಲಿ ಮೈ ತುಂಬಿಸಲು ನನ್ನ ಕೈ ಏಳಲಿಲ್ಲ.

ತಪ್ಪು ಕಾಲ್ ಶೀಟಿನದು, ಅಂದರೆ ಶೂಟಿಂಗ್ ವೇಳಾಪಟ್ಟಿಯದು. ಏಪ್ರಿಲ್ ತಿಂಗಳು, ಮುಧೋಳದ ಹತ್ತಿರದ ಹೊಲ, ಔಟ್‌ಡೋರ್ 11.30ಕ್ಕೆ. ನಾನು ಬೆಳಗಿನ ಆರು ಗಂಟೆ ಕೇಳಿದ್ದೆ. ಬಾಗಲಕೋಟೆಯ ಹೋಟೆಲಿನಿಂದ ಅಷ್ಟು ಬೇಗ ತಂಡ ಹೊರಡುವುದಿಲ್ಲ ಎಂದರು. ನೆತ್ತಿಯ ಮೇಲಿನ ಬಿಸಿಲು ಗಿಡ್ಡ ಕೂದಲಿನ ನಾಯಿಗೆ ಮಾಡುವ ಅನ್ಯಾಯ ಅಷ್ಟಿಷ್ಟಲ್ಲ. ಬೆನ್ನಿನ ವಿವರವೆಲ್ಲ ಸುಟ್ಟುಹೋಗುತ್ತದೆ. ಸೊಂಟದ ಮೂಳೆಯ ಕೆಳಗೆ, ಒಂದೊಂದು ಪಕ್ಕೆಲುಬಿನ ಕೆಳಗೆ ಕಪ್ಪು ಗೆರೆ ಬೀಳುತ್ತದೆ. ಕಣ್ಣು ಹುಬ್ಬಿನ ನೆರಳಿನಲ್ಲಿ ಹೂತುಹೋಗುತ್ತದೆ. ಎರೆ ಮಣ್ಣು ಬೆಳಕನ್ನು ನುಂಗುವುದರಿಂದ ಆ ನೆರಳನ್ನು ಕೆಳಗಿನಿಂದ ತಿಳಿಯಾಗಿಸಲೂ ಏನೂ ಇರುವುದಿಲ್ಲ. ಬೆಳಕು ಹಾಯಿಸುವ ರಿಫ್ಲೆಕ್ಟರ್ ಬಿಚ್ಚಿದರೆ ನಾಯಿ ಬೆದರಿತು. ಅಲ್ಲಿ ತೆಗೆದ ಪ್ರಿವ್ಯೂ ನೋಡಿಯೇ ಆ ಸಂದೇಶ ಬಂದದ್ದು.

ಬೇವಿನ ಮರದ ನೆರಳಿನ ಅಂಚಿನಲ್ಲಿ ನಿಲ್ಲಿಸಿ, ಮುಖವನ್ನು ಬಯಲಿನ ಕಡೆ ತಿರುಗಿಸಿ, ಹಿಂದೆ ಕಬ್ಬು ಬರುವಂತೆ ತೆಗೆದ ಫ್ರೇಮ್‌ಗಳು ಚೆನ್ನಾಗಿದ್ದವು. ಆದರೆ ಅವರಿಗೆ ಓಟವೇ ಬೇಕಿತ್ತು. ನಾಯಿಯ ನಾಲಿಗೆ ಅಗಲವಾಗಿ ಜೋತು, ತುದಿ ಸೌಟಿನಂತೆ ಮೇಲಕ್ಕೆ ಬಾಗಿತ್ತು; ಮೈ ಕಾವೇರಿದ ಗುರುತು ಅದು. ಹಗ್ಗ ಬಿಡಲೋ ಬೇಡವೋ ಎಂದು ಮಾಲೀಕರು ನನ್ನ ಮುಖ ನೋಡಿದರು. ನೆಲದ ಬಿಸಿ ನೋಡಲು ಅಂಗೈಯ ಹಿಂಬದಿಯನ್ನು ನೆಲಕ್ಕೆ ಒತ್ತಿ ಹಿಡಿದೆ. ಐದು ಎಣಿಸುವುದರೊಳಗೆ ತೆಗೆಯಬೇಕಾಯಿತು. ‘ಬಿಡಬೇಡಿ’ ಎಂದೆ. ಸಂಯೋಜಕರು ಫೋನ್ ಹಚ್ಚಿ ನನ್ನ ಕೈಗಿತ್ತರು. ಆ ಕಡೆಯ ಮ್ಯಾನೇಜರ್ ವಾಹನದ ಬಾಡಿಗೆ, ತಂಡದ ಊಟ ಎಲ್ಲ ಲೆಕ್ಕ ಹೇಳಿದರು. ಬಿಲ್ಲಿನಲ್ಲಿ ಕಡಿತ ಮಾಡುವ ಮಾತೂ ಬಂತು. ನಾಯಿಯ ಪಾದ ಸುಟ್ಟರೆ ಆ ಲೆಕ್ಕ ಯಾರ ತಲೆಗೆ ಎಂದು ಕೇಳಿದೆ. ಆ ಕಡೆಯಿಂದ ಉತ್ತರವಿಲ್ಲ. ನಾವು ಹೀಗೆ ನಿಂತಿದ್ದಾಗಲೇ ಮಾಲೀಕರು ನಾಯಿಯನ್ನು ಕೊಟ್ಟಿಗೆಗೆ ಕರೆದೊಯ್ದು ನೀರಿಟ್ಟರು. ಅವರ ಮೇಲೆ ನನಗೆ ಮೂಡಿದ ಗೌರವ ದೊಡ್ಡದು.

ಮರುದಿನ ಸೂರ್ಯ ಹುಟ್ಟುವ ಮೊದಲೇ ನಾನೊಬ್ಬನೇ ಹೋದೆ. ಬಿಸಿಲು ನನ್ನ ಭುಜದ ಹಿಂದಿನಿಂದ ಓರೆಯಾಗಿ ಬೀಳುವ ಹಾಗೆ ಬದುವಿನ ಮೇಲೆ ಬೋರಲು ಮಲಗಿದೆ. ಓಟ ಮಸುಕಾಗದಂತೆ ಶಟರ್ 1/2000 ಸೆಕೆಂಡು, ಅಪರ್ಚರ್ (ಲೆನ್ಸಿನ ತೆರಪು) ಎಫ್/4; ಈ ಉದ್ದ ಮೂತಿಗೆ 2.8 ಇಟ್ಟರೆ ಕಣ್ಣು ಚೂಪಾಗಿ ಮೂಗು ಮಸುಕಾಗುತ್ತದೆ. ಕಪ್ಪು ಮಣ್ಣಿನ ಮೇಲೆ ತಿಳಿ ಬಣ್ಣದ ನಾಯಿ, ಹಾಗಾಗಿ ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಬೀಳುವ ಬೆಳಕು, ತುಸು ಇಳಿಸಿದೆ. ಅದು ಓಡಿ ಬಂದಾಗ ತೊಡೆಯ ಸ್ನಾಯು ಉಬ್ಬಿದ್ದು, ತೆಳುಚರ್ಮದ ಕೆಳಗಿನ ನರ, ಜೇನುಬಣ್ಣದ ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಎಲ್ಲವೂ ಸಿಕ್ಕವು. ಪಕ್ಕೆಲುಬುಗಳೂ ಇದ್ದವು. ಒಂದನ್ನೂ ಮುಟ್ಟದೆ ಕಳುಹಿಸಿದೆ. ಯಾರೂ ತಕರಾರು ಮಾಡಲಿಲ್ಲ, ಅದೇ ಅಚ್ಚಾಯಿತು.

ಈಗ ಕೊಟೇಶನ್‌ನಲ್ಲಿ ಬೇಸಿಗೆಯ ಔಟ್‌ಡೋರ್ ನಾಯಿ ಶೂಟ್ ಬೆಳಿಗ್ಗೆ ಎಂಟರೊಳಗೆ ಮುಗಿಯಬೇಕು ಎಂದು ಬರೆಯುತ್ತೇನೆ. ಅದೇ ಏಜೆನ್ಸಿ ಹೊಸ ಕೆಲಸಕ್ಕೆ ಆ ಸಾಲು ಹೊಡೆದುಹಾಕಿ ಕಳುಹಿಸಿದೆ. ನಾನು ಸಹಿ ಮಾಡಿಲ್ಲ.