ಎರಡು ಎಕರೆ ತೋಟದ ಹಾಳೆ ಎಷ್ಟು ದಿನಕ್ಕೆ ಬರುತ್ತದೆ?

ಹೊಸನಗರ ತಾಲ್ಲೂಕಿನಲ್ಲಿ ಎರಡು ಎಕರೆ ಅಡಿಕೆ ತೋಟವಿರುವ ನನ್ನ ಸ್ನೇಹಿತನೊಬ್ಬ ದೀಪಾವಳಿ ಕಳೆದ ವಾರ ಶಿವಮೊಗ್ಗದ ನಮ್ಮ ಮನೆಗೆ ಬಂದು, ಚೀಲದಿಂದ ಒಂದು ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟು, “ಹಾಳೆತಟ್ಟೆ ಮಾಡುವ ಘಟಕ ಹಾಕಬೇಕು ಅಂತಿದ್ದೇನೆ, ಆಗ್ತದಾ ಇಲ್ವಾ ನೋಡಿ ಹೇಳು ಮಾರಾಯ” ಎಂದ. ನಾನು ಇಪ್ಪತ್ತು ವರ್ಷ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆದವನು. ಸಾಲದ ಅರ್ಜಿಯೊಂದಿಗೆ ಬರುವ ಯೋಜನಾ ವರದಿಗಳನ್ನು ರಾಶಿಗಟ್ಟಲೆ ಓದಿದ್ದೇನೆ. ಆದರೆ ಅಪರಿಚಿತರ ವರದಿಯನ್ನು ಓದುವುದಕ್ಕೂ, ಪ್ರೈಮರಿ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವನ ವರದಿಯನ್ನು ಅವನ ಎದುರಿನಲ್ಲೇ ಓದುವುದಕ್ಕೂ ವ್ಯತ್ಯಾಸವಿದೆ. ಅವನ ಬಾಯಿ ಅಭಿಪ್ರಾಯ ಕೇಳುತ್ತಿತ್ತು, ಕಣ್ಣು ಒಪ್ಪಿಗೆ ಕೇಳುತ್ತಿತ್ತು.

ಆಲೋಚನೆ ಮೇಲ್ನೋಟಕ್ಕೆ ಕೆಟ್ಟದ್ದಲ್ಲ. ಒಂದೇ ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೆ ದೇಶದಾದ್ಯಂತ 2022ರ ಜುಲೈ 1ರಿಂದ ನಿಷೇಧವಿದೆ. ಹಾಳೆ ಎಂದರೆ ಅಡಿಕೆ ಮರದ ಸೋಗೆಯ (ಗರಿಯ) ಬುಡದಲ್ಲಿರುವ ಅಗಲವಾದ ಹೊದಿಕೆ; ಒಂದು ಸೋಗೆಗೆ ಒಂದು ಹಾಳೆ. ಅದು ನಮ್ಮ ತೋಟಗಳಲ್ಲಿ ತಾನಾಗಿಯೇ ಉದುರುತ್ತದೆ. ಅದನ್ನು ನೀರಿನಲ್ಲಿ ನೆನೆಸಿ, ಕಾದ ಅಚ್ಚಿನ ನಡುವೆ ಒತ್ತಿದರೆ ತಟ್ಟೆ ಸಿದ್ಧವಾಗುತ್ತದೆ; ಅಂಟು ಬೇಡ, ಬಣ್ಣ ಬೇಡ. ಅವನ ನೋಟ್‌ಬುಕ್ಕಿನ ಹತ್ತು ಪುಟಗಳಲ್ಲಿ ಏಳು ಪುಟ ಯಂತ್ರದ ಬಗ್ಗೆಯೇ ಇದ್ದವು. ಎಷ್ಟು ಅಚ್ಚು, ಯಾವ ಊರಿನ ತಯಾರಿಕೆ, ಎಷ್ಟು ವರ್ಷದ ಗ್ಯಾರಂಟಿ ಎಂಬುದೆಲ್ಲ ಅಚ್ಚುಕಟ್ಟಾಗಿ ಬರೆದಿತ್ತು. ಹಾಳೆಯ ಬಗ್ಗೆ ಇದ್ದದ್ದು ಒಂದೇ ಸಾಲು: “ಕಚ್ಚಾವಸ್ತು – ಸ್ವಂತ ತೋಟದ್ದು, ಖರ್ಚಿಲ್ಲ.”

ನಾನು ಮೊದಲು ಪೆನ್ನು ಇಟ್ಟದ್ದು ಆ ಸಾಲಿನ ಮೇಲೆ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಮರ ಹಿಡಿಯುತ್ತವೆ, ಎರಡು ಎಕರೆಗೆ 1,080. ಒಂದು ಮರ ವರ್ಷಕ್ಕೆ ಆರೇಳು ಸೋಗೆ ಉದುರಿಸುತ್ತದೆ; ಆರು ಎಂದೇ ಹಿಡಿದರೆ ವರ್ಷಕ್ಕೆ 6,480 ಹಾಳೆ. ಅದರಲ್ಲಿ ಮಳೆಗಾಲದಲ್ಲಿ ಬಿದ್ದದ್ದು ಕೆಸರಿನಲ್ಲಿ ಕೊಳೆತು ಬೂಷ್ಟು ಹಿಡಿಯುತ್ತದೆ, ಕೆಲವು ಬೀಳುವಾಗಲೇ ಸೀಳುತ್ತವೆ, ಕೆಲವು ದೊಡ್ಡ ತಟ್ಟೆಗೆ ಅಗಲ ಸಾಲವು. ಉದಾರವಾಗಿ ಅರ್ಧ ಉಳಿಯಿತೆಂದುಕೊಂಡರೂ 3,240. ಒಂದು ಹಾಳೆಗೆ ಒಂದು ಊಟದ ತಟ್ಟೆ, ಮಿಕ್ಕ ತುಂಡಿನಲ್ಲಿ ಒಂದು ಸಣ್ಣ ಬಟ್ಟಲು. ಯಂತ್ರದವರ ಕರಪತ್ರದಲ್ಲಿ ದಿನಕ್ಕೆ ಸಾವಿರ ತಟ್ಟೆ ಎಂದಿತ್ತು. ಹಾಗಾದರೆ ಅವನ ಇಡೀ ತೋಟದ ಒಂದು ವರ್ಷದ ಹಾಳೆ ಮೂರು ದಿನ ಕಳೆದು ನಾಲ್ಕನೆಯ ದಿನದ ಕಾಫಿ ಹೊತ್ತಿಗೆ ಮುಗಿಯುತ್ತದೆ. ವರ್ಷಕ್ಕೆ 200 ದಿನ ಯಂತ್ರ ಓಡಬೇಕೆಂದರೆ ಸುಮಾರು 120 ಎಕರೆ ತೋಟದ ಹಾಳೆಯನ್ನು ಅವನು ಬೇರೆಯವರ ಮನೆ ಬಾಗಿಲಿಗೆ ಹೋಗಿ ತರಬೇಕು.

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ “ಊರಿನವರು ಹಾಳೆಯನ್ನು ಸುಮ್ಮನೆ ಕೊಡುತ್ತಾರೆ, ಅವರಿಗೆ ಅದು ಕಸ” ಎಂದ. ಜೊತೆಯಲ್ಲಿ ಬಂದಿದ್ದ ಅವನ ಹೆಂಡತಿ ಅಲ್ಲಿಯವರೆಗೂ ಸುಮ್ಮನಿದ್ದವರು, “ಯಾರಿಗೆ ಕಸ? ನಮ್ಮ ಮನೆ ಹಾಳೆಯನ್ನೇ ಈಗ ದನ ತಿನ್ನುತ್ತವೆ. ದನಕ್ಕೆ ಏನು ಹಾಕುವುದು ಅಂತ ಆ ಪುಸ್ತಕದಲ್ಲಿ ಬರೆದಿದ್ದಾರಾ ಕೇಳಿ ಅಣ್ಣ” ಎಂದರು. ನನ್ನ ಇಪ್ಪತ್ತು ವರ್ಷದ ಅನುಭವಕ್ಕೆ ಹೊಳೆಯದಿದ್ದ ಪ್ರಶ್ನೆ ಅದು. ಯಾರೂ ಕೇಳದಿದ್ದಾಗ ಕಸವಾಗಿದ್ದದ್ದು, ಒಬ್ಬ ಆಟೋ ತಂದು ಅಂಗಳದಲ್ಲಿ ನಿಲ್ಲಿಸಿ ಕೇಳಿದೊಡನೆ ಸರಕಾಗುತ್ತದೆ. ಹಾಳೆಗೆ ಒಂದು ಬೆಲೆ, ಆರಿಸಿ ಕಟ್ಟುವ ಕೂಲಿಗೆ ಇನ್ನೊಂದು, ಆಟೋ ಬಾಡಿಗೆಗೆ ಮತ್ತೊಂದು. ಕಟ್ಟು ಹಗುರ, ಆದರೆ ಜಾಗ ಬಹಳ ಹಿಡಿಯುತ್ತದೆ. ಆಟೋದವನು ತೂಕ ನೋಡಿ ಬಾಡಿಗೆ ಹೇಳುವುದಿಲ್ಲ.

ಇನ್ನೊಂದು ವಿಷಯವನ್ನು ನಾನೇ ಒತ್ತಿ ಹೇಳಿದೆ. ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಮಳೆಗಾಲದಲ್ಲಿ ಎಲ್ಲರೂ ಹೊಡೆಯುತ್ತಾರೆ; ಈಗ ಎಲೆಚುಕ್ಕಿ ರೋಗ ಹಬ್ಬಿದ ಮೇಲೆ ಬೇರೆ ಬೇರೆ ಶಿಲೀಂಧ್ರನಾಶಕಗಳೂ ತೋಟಕ್ಕೆ ಬಂದಿವೆ. ನೀಲಿ ಕಲೆಯಿರುವ ಹಾಳೆಯನ್ನು ತೊಳೆದು ಒತ್ತಿ ಅದರಲ್ಲಿ ಯಾರಿಗೋ ಬಿಸಿ ಸಾರು ಬಡಿಸಬಹುದೇ? ಸ್ವಂತ ತೋಟಕ್ಕೆ ಏನು ಹೊಡೆದಿದೆಯೆಂದು ಅವನಿಗೆ ಗೊತ್ತು, 120 ಎಕರೆಯದ್ದು ಗೊತ್ತಿರುವುದಿಲ್ಲ. ಎಲೆಚುಕ್ಕಿ ಜೋರಾದ ತೋಟದಲ್ಲಿ ಸೋಗೆ ಹಳದಿಯಾಗಿ ಒಣಗುವುದರಿಂದ, ಈ ವರ್ಷ ಸಿಕ್ಕಷ್ಟೇ ಮುಂದಿನ ವರ್ಷವೂ ಒಳ್ಳೆಯ ಹಾಳೆ ಸಿಗುತ್ತದೆಂಬ ಭರವಸೆಯೂ ಇಲ್ಲ.

ಮಾರಾಟದ ಪುಟದಲ್ಲಿ ಅವನು ಶಿವಮೊಗ್ಗದ ಅಂಗಡಿಯಲ್ಲಿ ತಾನು ತಟ್ಟೆಗೆ ಕೊಟ್ಟ ಬೆಲೆಯನ್ನೇ ತನಗೆ ಸಿಗುವ ಬೆಲೆಯೆಂದು ಬರೆದಿದ್ದ. ಇದು ನಾನು ಓದಿದ ಹೆಚ್ಚುಕಡಿಮೆ ಎಲ್ಲ ವರದಿಗಳಲ್ಲಿದ್ದ ತಪ್ಪು. ಅಂಗಡಿಯವನ ಲಾಭ, ಒಡಕು ಮಾಲು, ಮೂರು ತಿಂಗಳ ಉದ್ದರಿ ಎಲ್ಲವೂ ಆ ಬೆಲೆಯೊಳಗೇ ಇವೆ. ನಮ್ಮ ಕಡೆಯ ಮದುವೆ, ಉಪನಯನಗಳಲ್ಲಿ ಪಂಕ್ತಿಗೆ ಇಂದಿಗೂ ಬಾಳೆ ಎಲೆಯೇ ಬೇಕು. ಹಾಳೆತಟ್ಟೆ ಬೇಕಾಗುವುದು ನಿಂತು ಉಣ್ಣುವ ಕಡೆ, ಅದು ಹೆಚ್ಚಾಗಿ ಪೇಟೆಯಲ್ಲಿ. ರಫ್ತಿನ ಬಗ್ಗೆ ಅರ್ಧ ಪುಟವಿತ್ತು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಅಡಿಕೆ ಹಾಳೆಯಲ್ಲಿರುವ ಕೆಲವು ರಾಸಾಯನಿಕಗಳು ಆಹಾರಕ್ಕೆ ಇಳಿಯಬಹುದೆಂಬ ಕಾರಣಕ್ಕೆ ಈ ತಟ್ಟೆಗಳಿಗೆ ಅಲ್ಲಿ ಅನುಮತಿಯಿಲ್ಲವೆಂದು ಹೇಳಿತು. ಆ ಅರ್ಧ ಪುಟವನ್ನು ಅವನೇ ಹೊಡೆದುಹಾಕಿದ.

ಸಬ್ಸಿಡಿಯ ವಿಷಯಕ್ಕೆ ಮಾತ್ರ ನಾವು ಸ್ವಲ್ಪ ಜೋರಾಗಿಯೇ ಮಾತಾಡಿದೆವು. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಗ್ರಾಮೀಣ ಪ್ರದೇಶದ ಸಾಮಾನ್ಯ ವರ್ಗದವರಿಗೆ ಯೋಜನಾ ವೆಚ್ಚದ ಶೇಕಡಾ 25ರಷ್ಟು ಸಹಾಯಧನವಿದೆ. ಅವನು ಅದನ್ನು ಮೊದಲ ವರ್ಷದ ಆದಾಯದ ಸಾಲಿನಲ್ಲಿ ಬರೆದಿದ್ದ. ಆ ಹಣ ಕೈಗೆ ಬರುವುದಿಲ್ಲ. ಅದು ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿರುತ್ತದೆ, ಘಟಕ ನಡೆಯುತ್ತಿದ್ದರಷ್ಟೇ ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಆದರೆ ಡಿಸೆಂಬರಿನಿಂದ ಮೇ ತಿಂಗಳೊಳಗೆ ವರ್ಷದ ಹಾಳೆಯನ್ನೆಲ್ಲ ಕೊಂಡು, ಒಣಗಿಸಿ, ಮಳೆಯ ತೇವ ತಾಗದಂತೆ ಅಟ್ಟಕ್ಕೆ ಏರಿಸಲು ಬೇಕಾಗುವ ಹಣ ಕೈಯಲ್ಲೇ ಇರಬೇಕು. ಯಂತ್ರಕ್ಕೆ ಸಾಲ ಸಿಗುತ್ತದೆ. ಇಂಥ ಘಟಕಗಳು ನಿಂತುಹೋಗುವುದು ಹೆಚ್ಚಾಗಿ ಈ ಎರಡನೆಯ ಹಣವಿಲ್ಲದೆ ಎಂಬುದು ನಾನು ಕಂಡದ್ದು. ವಿದ್ಯುತ್ತಿನ ಕಥೆ ಹೇಳುವುದೇ ಬೇಡ, ಆಷಾಢದಲ್ಲಿ ಅವನ ಊರಿನ ಲೈನಿನ ಮೇಲೆ ಮರ ಬೀಳದ ವಾರವಿಲ್ಲ.

ಇಷ್ಟಾದರೂ ನಾನು “ಬೇಡ” ಎನ್ನಲಿಲ್ಲ. ಸಂಕೋಚದಿಂದ ಸುಮ್ಮನಾದದ್ದಲ್ಲ, ಅವನ ಊರಿನ ಸುತ್ತ ನಾಲ್ಕೈದು ಕಿಲೋಮೀಟರಿನಲ್ಲಿ ಅಷ್ಟು ತೋಟ ಇದ್ದೇ ಇದೆ, ಮನೆಮನೆಗೆ ಹೋಗಿ ಮಾತಾಡುವ ಗುಣ ಅವನಿಗಿದೆ, ಆ ಗುಣ ನನಗಿಲ್ಲ. ಯಂತ್ರಕ್ಕೆ ಮುಂಗಡ ಕೊಡುವ ಮೊದಲು ಒಂದು ಬೇಸಿಗೆ ಬರಿಯ ಹಾಳೆ ಸೇರಿಸಿ, ಈಗಾಗಲೇ ನಡೆಯುತ್ತಿರುವ ಯಾವುದಾದರೂ ಘಟಕಕ್ಕೆ ಮಾರು ಎಂದೆ. ಯಂತ್ರವಿಲ್ಲದೆಯೇ ಹಾಳೆಯ ನಿಜವಾದ ಬೆಲೆ, ಕೂಲಿ, ಬಾಡಿಗೆ, ಹಾಳಾಗುವ ಪ್ರಮಾಣ ಎಲ್ಲವೂ ತಿಳಿಯುತ್ತದೆ. ಅವನಿಗೆ ಸಮಾಧಾನವಾಗಲಿಲ್ಲ, ಹೊರಡುವಾಗ “ನೀನು ಲೆಕ್ಕದವನು, ಹೀಗೇ ಹೇಳ್ತೀಯ ಅಂತ ಗೊತ್ತಿತ್ತು” ಎಂದು ನಗುತ್ತಲೇ ಚುಚ್ಚಿದ.

ಡಿಸೆಂಬರ್ ಎರಡನೆಯ ವಾರ ಫೋನ್ ಬಂತು. ತನ್ನ ತೋಟವೂ ಪಕ್ಕದ ಇಬ್ಬರದ್ದೂ ಸೇರಿ ಐದು ಎಕರೆಯಲ್ಲಿ ಮೊದಲ ವಾರ 310 ಹಾಳೆ ಸಿಕ್ಕಿವೆ, ಅದರಲ್ಲಿ ತಟ್ಟೆಗೆ ಆಗುವಂಥದ್ದು 190, ಉಳಿದದ್ದನ್ನು ಹೆಂಡತಿ ಕೊಟ್ಟಿಗೆಗೆ ಒಯ್ದಳು ಎಂದ.